ಸ್ವರ್ಣಕಮಲವೂ ಗಡಿಶಾಲೆಯೂ: ಹಿಂದೂಪುರ–ಕಲ್ಯಾಣದುರ್ಗಗಳಿಂದ ಒಂದು ಓದು

1

ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಪಟ್ಟಿ ಪ್ರಕಟವಾದಾಗಲೆಲ್ಲ ಕನ್ನಡ ಪತ್ರಿಕೆಗಳಲ್ಲಿ ಮೊದಲು ಏಳುವ ಪ್ರಶ್ನೆ ‘ಕನ್ನಡಕ್ಕೆ ಎಷ್ಟು?’ ಎಂಬುದು. ಈ ಪ್ರಶ್ನೆಯಲ್ಲಿರುವ ‘ಕನ್ನಡ’ ಬಹುಮಟ್ಟಿಗೆ ‘ಕರ್ನಾಟಕ’ ಎಂಬುದರ ಪರ್ಯಾಯಪದವಾಗಿರುತ್ತದೆ. ಭಾಷೆಯ ಹೆಸರಿನಲ್ಲಿ ಕೊಟ್ಟ ಪದಕವನ್ನು ರಾಜ್ಯದ ಲೆಕ್ಕಕ್ಕೆ ಜಮಾ ಮಾಡುವ ಈ ಕ್ರಮ ಬೆಂಗಳೂರಿನಲ್ಲಿ ಕುಳಿತು ಓದುವವರಿಗೆ ಸಹಜವೆನಿಸುತ್ತದೆ. ಹಿಂದೂಪುರದಲ್ಲಿಯೋ ಕಲ್ಯಾಣದುರ್ಗದಲ್ಲಿಯೋ ಕುಳಿತು ಓದುವವರಿಗೆ ಅದು ಅಷ್ಟು ಸಹಜವಲ್ಲ.

2025ರ ಸೆಪ್ಟೆಂಬರ್ 23ರಂದು ದೆಹಲಿಯಲ್ಲಿ ನಡೆದ 71ನೆಯ ಪ್ರಶಸ್ತಿ ಪ್ರದಾನ ಸಮಾರಂಭವನ್ನೇ ತೆಗೆದುಕೊಳ್ಳಬಹುದು. ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಪ್ರದಾನ ಮಾಡಿದ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರದ ಗೌರವ ‘ಕಂದೀಲು’ವಿಗೂ ಅತ್ಯುತ್ತಮ ತೆಲುಗು ಚಿತ್ರದ ಗೌರವ ‘ಭಗವಂತ್ ಕೇಸರಿ’ಗೂ ಸಂದಿತು. ಎರಡನೆಯ ಚಿತ್ರದ ನಾಯಕನಟ ನಂದಮೂರಿ ಬಾಲಕೃಷ್ಣ 2014ರಿಂದ ಹಿಂದೂಪುರದ ಶಾಸಕರು. ಅವರ ತಂದೆ ಎನ್. ಟಿ. ರಾಮರಾವ್ 1985ರಿಂದ ಇದೇ ಕ್ಷೇತ್ರವನ್ನು ಪ್ರತಿನಿಧಿಸಿದವರು. ಹೀಗಾಗಿ ಹಿಂದೂಪುರದ ಕನ್ನಡ ಮನೆಯೊಂದರಲ್ಲಿ ‘ನಮ್ಮ ಚಿತ್ರಕ್ಕೆ ಪ್ರಶಸ್ತಿ ಬಂತು’ ಎಂಬ ಮಾತು ಕೇಳಿಬಂದರೆ, ಅದು ತಾಯ್ನುಡಿಯ ಚಿತ್ರವೋ ತಾನು ಮತ ನೀಡುವ ಕ್ಷೇತ್ರದ ಚಿತ್ರವೋ ಎಂದು ಮತ್ತೆ ಕೇಳಬೇಕಾಗುತ್ತದೆ. ಎರಡೂ ಉತ್ತರಗಳು ಸಲ್ಲುತ್ತವೆ. ಗಡಿಯ ಬದುಕು ಎಂದರೆ ಎರಡೂ ಉತ್ತರಗಳು ಏಕಕಾಲಕ್ಕೆ ಸಲ್ಲುವ ಸ್ಥಿತಿ.

ಈ ಸ್ಥಿತಿಯನ್ನು ರಾಷ್ಟ್ರೀಯ ಪ್ರಶಸ್ತಿಯ ವ್ಯವಸ್ಥೆ ಹೇಗೆ ಕಂಡಿದೆ, ಗಡಿ ಕನ್ನಡಿಗರನ್ನೇ ವಸ್ತುವಾಗಿಸಿಕೊಂಡು ಸ್ವರ್ಣಕಮಲ ಪಡೆದ ಒಂದು ಚಿತ್ರ ಹೇಗೆ ಕಂಡಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಆ ಚಿತ್ರ ರಿಷಬ್ ಶೆಟ್ಟಿ ನಿರ್ದೇಶನದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ (2018).

2

ಕಾಲದ ಒಂದು ಹೊಂದಾಣಿಕೆಯನ್ನು ಮೊದಲು ಗಮನಿಸಬೇಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾಯಿತು. ಹಳೆಯ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದವು. ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿತು. ಅದಾಗಿ ಒಂದು ವರ್ಷಕ್ಕೆ, 1954ರ ಅಕ್ಟೋಬರ್ 10ರಂದು, ಮೊದಲ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಪ್ರದಾನವಾದವು. ಮರಾಠಿಯ ‘ಶ್ಯಾಮ್‌ಚಿ ಆಯಿ’ ರಾಷ್ಟ್ರಪತಿಗಳ ಚಿನ್ನದ ಪದಕ ಪಡೆಯಿತು. ಮರುವರ್ಷದ ಪ್ರಶಸ್ತಿಗಳಲ್ಲಿ ಪ್ರಾದೇಶಿಕ ಭಾಷೆಗಳಿಗೆ ಪ್ರತ್ಯೇಕ ಮನ್ನಣೆ ಬಂದಿತು. ನಾಡನ್ನು ಭಾಷೆಯ ಮೇಲೆ ವಿಂಗಡಿಸುವ ಕೆಲಸವೂ ಚಿತ್ರಗಳನ್ನು ಭಾಷೆಯ ಮೇಲೆ ವಿಂಗಡಿಸುವ ಕೆಲಸವೂ ಒಂದೇ ದಶಕದಲ್ಲಿ ಆರಂಭವಾದವು.

1954ರ ಚಿತ್ರಗಳಿಗೆ ಸಂದ ಆ ಎರಡನೆಯ ಪ್ರಶಸ್ತಿಗಳಲ್ಲಿ ಕನ್ನಡದ ‘ಬೇಡರ ಕಣ್ಣಪ್ಪ’ ಪ್ರಶಂಸಾಪತ್ರ ಪಡೆಯಿತು. ಎಚ್. ಎಲ್. ಎನ್. ಸಿಂಹ ನಿರ್ದೇಶನದ, ರಾಜಕುಮಾರ್ ನಾಯಕರಾಗಿ ಕಾಣಿಸಿಕೊಂಡ ಈ ಚಿತ್ರದ ಕಥೆ ನಡೆಯುವುದು ಆಂಧ್ರದ ಕಾಳಹಸ್ತಿಯಲ್ಲಿ. ಹರಿಹರನ ರಗಳೆಯ ಮೂಲಕ ಕನ್ನಡಕ್ಕೂ ಧೂರ್ಜಟಿಯ ಮೂಲಕ ತೆಲುಗಿಗೂ ಒಲಿದ ಭಕ್ತ ಕಣ್ಣಪ್ಪ. ಅದೇ ನಿರ್ದೇಶಕರು, ಅದೇ ನಾಯಕನಟರು ಅದೇ ವರ್ಷ ಆ ಕಥೆಯನ್ನು ‘ಕಾಳಹಸ್ತಿ ಮಹಾತ್ಮ್ಯಂ’ ಎಂದು ತೆಲುಗಿನಲ್ಲಿಯೂ ತಂದರು. ಅದೇ ಸಾಲಿನ ತೆಲುಗು ಬೆಳ್ಳಿ ಪದಕ ‘ಪೆದ್ದಮನುಷುಲು’ವಿಗೆ ಸಂದಿತು, ಅದರ ನಿರ್ದೇಶಕ ಕೆ. ವಿ. ರೆಡ್ಡಿ ಅನಂತಪುರ ಜಿಲ್ಲೆಯ ತಾಡಿಪತ್ರಿಯವರು.

ಮುಂದಿನ ಇತಿಹಾಸದಲ್ಲಿಯೂ ಈ ಕೊಡುಕೊಳೆ ನಿಲ್ಲಲಿಲ್ಲ. ಕನ್ನಡಕ್ಕೆ ಮೊದಲ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ತಂದ ‘ಸಂಸ್ಕಾರ’ವನ್ನು (1970) ನಿರ್ದೇಶಿಸಿದವರು ನೆಲ್ಲೂರಿನ ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿ. ಜಿ. ವಿ. ಅಯ್ಯರ್ ಅವರ ‘ಹಂಸಗೀತೆ’ಗೆ (1975) ಹಾಡಿ ಅತ್ಯುತ್ತಮ ಹಿನ್ನೆಲೆ ಗಾಯಕರೆನಿಸಿದವರು ಆಂಧ್ರದ ಎಂ. ಬಾಲಮುರಳೀಕೃಷ್ಣ. ಎಸ್. ಪಿ. ಬಾಲಸುಬ್ರಹ್ಮಣ್ಯಂ ಪಡೆದ ಆರು ರಾಷ್ಟ್ರಪ್ರಶಸ್ತಿಗಳಲ್ಲಿ ಒಂದು ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ (1995) ಎಂಬ ಕನ್ನಡ ಚಿತ್ರದ್ದು.

ಈ ಉದಾಹರಣೆಗಳನ್ನು ‘ಸೌಹಾರ್ದ’ದ ಸಾಕ್ಷ್ಯವೆಂದು ಮೆಚ್ಚಿ ಮುಂದೆ ಸಾಗುವುದು ರೂಢಿ. ಆದರೆ ಅವುಗಳಲ್ಲಿ ಕಾಣುವುದು ಒಂದು ಬಗೆಯ ಚಲನೆ ಮಾತ್ರ: ಮದರಾಸಿನ ಸ್ಟುಡಿಯೋಗಳಲ್ಲಿ, ಸಂಗೀತ ಸಭೆಗಳಲ್ಲಿ, ಬೆಂಗಳೂರಿನ ಸಾಹಿತ್ಯವಲಯದಲ್ಲಿ ಎರಡು ಭಾಷೆಗಳ ನಡುವೆ ಓಡಾಡಿದ ಪ್ರತಿಭಾವಂತರ ಚಲನೆ. ಕಲ್ಯಾಣದುರ್ಗ ತಾಲ್ಲೂಕಿನ ರಾಳ್ಲಪಲ್ಲಿಯಲ್ಲಿ ಹುಟ್ಟಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತೆಲುಗು ಕಲಿಸಿ ಎರಡೂ ಭಾಷೆಗಳ ವಿದ್ವಾಂಸರೆನಿಸಿದ ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರೂ ಈ ಸಾಲಿನವರೇ. ತಾವಿದ್ದ ಊರಿನಲ್ಲಿಯೇ ಉಳಿದು, ಮನೆಯಲ್ಲಿ ಕನ್ನಡವನ್ನೂ ಸಂತೆಯಲ್ಲಿ ತೆಲುಗನ್ನೂ ಆಡುವವರ ದ್ವಿಭಾಷಿಕತೆ ಬೇರೆಯದು. ಅದಕ್ಕೆ ವಿದ್ವತ್ತೆಂಬ ಹೆಸರಿಲ್ಲ. ತೆರೆಯ ಮೇಲೆ ಅದು ಬಂದಾಗ ಸಾಮಾನ್ಯವಾಗಿ ಹಾಸ್ಯಪಾತ್ರದ ಮಾತಾಗಿ ಬರುತ್ತದೆ.

3

ಈ ಹಿನ್ನೆಲೆಯಲ್ಲಿ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ’ಯ ಮಹತ್ವವನ್ನು ಮೊದಲು ಒಪ್ಪಿಕೊಳ್ಳಬೇಕು. ಕರ್ನಾಟಕದ ಹೊರಗಿನ ಕನ್ನಡ ಮಾಧ್ಯಮ ಶಾಲೆಯೊಂದನ್ನು ಕಥೆಯ ಕೇಂದ್ರದಲ್ಲಿರಿಸಿ, ಮಕ್ಕಳನ್ನು ಕರ್ತೃಗಳನ್ನಾಗಿಸಿ, ಚಿತ್ರಮಂದಿರಗಳನ್ನು ತುಂಬಿಸಿದ ಚಿತ್ರವದು. ಅದರ ಶೀರ್ಷಿಕೆಯೇ ಸೂಕ್ಷ್ಮವಾದುದು. ಅದು ಶಾಲೆಯ ಬಾಗಿಲಿನ ಮೇಲಿನ ಫಲಕದ ಬರಹ. ‘ಸರ್ಕಾರಿ’ ಮತ್ತು ‘ಕೊಡುಗೆ’ ಎಂಬ ಎರಡು ಪದಗಳು ಆ ಫಲಕದಲ್ಲಿ ಒಟ್ಟಿಗಿವೆ. ಸಂಬಳ ಸರ್ಕಾರದ್ದು, ನೆಲ ಮತ್ತು ಗೋಡೆ ಊರಿನ ಹಿರಿಯನದು. ಭಾಷಾ ಅಲ್ಪಸಂಖ್ಯಾತರ ಶಾಲೆಗಳು ಬಹುಪಾಲು ಹೀಗೆ ಊರಿನ ಔದಾರ್ಯ ಮತ್ತು ಪ್ರಭುತ್ವದ ಅನುಮತಿ ಎಂಬ ಎರಡು ಕಂಬಗಳ ಮೇಲೆ ನಿಂತಿರುತ್ತವೆ. ಒಂದು ಕಂಬ ಸರಿದಾಗ ಏನಾಗುತ್ತದೆ ಎಂಬುದು ಚಿತ್ರದ ಪ್ರಶ್ನೆ.

ಚಿತ್ರದ ಮೊದಲರ್ಧ ಈ ಪ್ರಶ್ನೆಯನ್ನು ಅವಸರವಿಲ್ಲದೆ ಕಟ್ಟುತ್ತದೆ. ಶಾಲೆಯ ಅಂಗಳ, ಹುಡುಗರ ಪೋಲಿತನ, ಮೇಷ್ಟರುಗಳ ದೌರ್ಬಲ್ಯ, ಎಳೆಯ ಪ್ರೇಮ, ಎಲ್ಲವೂ ಸಾವಕಾಶವಾಗಿ ಬರುತ್ತವೆ. ಗಣಿತ ಕಲಿಸಲು ಕನ್ನಡ ಬಾರದ ಮಲಯಾಳಿ ಅಧ್ಯಾಪಕರು ನೇಮಕಗೊಳ್ಳುವ ಸಂದರ್ಭ ಕಾಸರಗೋಡಿನ ವಾಸ್ತವದಿಂದ ನೇರವಾಗಿ ಬಂದದ್ದು. ದ್ವಿತೀಯಾರ್ಧದಲ್ಲಿ ಶಾಲೆಗೆ ಬೀಗ ಬೀಳುತ್ತದೆ. ಮೈಸೂರಿನಿಂದ ಹಿರಿಯರೊಬ್ಬರು (ಅನಂತ್ ನಾಗ್) ಬರುತ್ತಾರೆ. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ, ಶಾಲೆ ಗೆಲ್ಲುತ್ತದೆ.

ನನ್ನ ಆಕ್ಷೇಪ ಆರಂಭವಾಗುವುದು ಈ ಎರಡು ಭಾಗಗಳ ಕೂಡಿಕೆಯಲ್ಲಿ. ಮೊದಲರ್ಧದಲ್ಲಿ ಒಂದು ಊರಿನ ಸಂಕೀರ್ಣ ಸಂಸಾರವಾಗಿದ್ದ ಶಾಲೆ ದ್ವಿತೀಯಾರ್ಧದಲ್ಲಿ ಎರಡು ಪಕ್ಷಗಳ ವ್ಯಾಜ್ಯವಾಗುತ್ತದೆ. ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿಗಳು ಒಂದೇ ಬೀದಿಯಲ್ಲಿ ಕೇಳಿಬರುವ ಕಾಸರಗೋಡು ಕನ್ನಡ ಮತ್ತು ಮಲಯಾಳ ಎಂಬ ಎರಡು ಬಣಗಳಾಗಿ ಸರಳಗೊಳ್ಳುತ್ತದೆ. ಪರಿಹಾರ ಹೊರಗಿನಿಂದ, ಅದೂ ಮೈಸೂರಿನಿಂದ, ಬರಬೇಕಾಗುತ್ತದೆ. ಗಡಿಯ ಮಕ್ಕಳು ಹೋರಾಡಬಲ್ಲರು, ಆದರೆ ವಾದಿಸಲು ಕೇಂದ್ರದ ಕನ್ನಡಿಗನೇ ಬೇಕು ಎಂಬ ಧ್ವನಿ ನಿರ್ದೇಶಕರು ಉದ್ದೇಶಿಸದಿದ್ದರೂ ಚಿತ್ರದ ರಚನೆಯಲ್ಲಿ ಉಳಿದುಬಿಡುತ್ತದೆ.

ಈ ಚಿತ್ರವನ್ನು ಕಲ್ಯಾಣದುರ್ಗದ ಸಮೀಪದ ಹಳ್ಳಿಯೊಂದರಲ್ಲಿ, ಪರಿಚಿತರ ಮನೆಯ ಪಡಸಾಲೆಯಲ್ಲಿ, ಐದಾರು ಮಕ್ಕಳೊಂದಿಗೆ ನೋಡಿದ ಅನುಭವವನ್ನು ಇಲ್ಲಿ ದಾಖಲಿಸಬೇಕು. ಮಕ್ಕಳೆಲ್ಲರ ಮನೆಮಾತು ಕನ್ನಡ. ಕರಾವಳಿಯ ಗ್ರಾಂಥಿಕಪ್ರಾಯವಾದ ಕನ್ನಡ ಅವರಿಗೆ ಮೊದಲು ಪರಕೀಯವೆನಿಸಿತು. ಪುಸ್ತಕ ಓದುವ ಹಾಗೆ ಮಾತಾಡುತ್ತಾರೆಂದು ನಕ್ಕರು. ಮಲಯಾಳಿ ಅಧ್ಯಾಪಕರ ಪಾಠದ ದೃಶ್ಯ ಬಂದಾಗ ತೆರೆಯ ಮೇಲಿನ ಮಕ್ಕಳು ಕಕ್ಕಾಬಿಕ್ಕಿಯಾದರು. ನನ್ನ ಪಕ್ಕದಲ್ಲಿ ಕುಳಿತಿದ್ದ ಹುಡುಗಿ ಕೇಳಿದಳು: “ತೆಲುಗ್ನಾಗೆ ಲೆಕ್ಕ ಹೇಳಿದ್ರೂ ನಮಗೆ ತಿಳೀತೈತಲ್ಲಕ್ಕಾ, ಇವ್ರಿಗ್ಯಾಕೆ ತಿಳಿಯಲ್ಲ?”

ಅವಳ ಪ್ರಶ್ನೆ ವಿಮರ್ಶೆಯ ಪ್ರಶ್ನೆಯೇ ಆಗಿದೆ. ಆ ದೃಶ್ಯದ ಹಾಸ್ಯವೂ ಅದರ ನೋವೂ ನಿಂತಿರುವುದು ‘ಇನ್ನೊಂದು ಭಾಷೆ ಕಿಂಚಿತ್ತೂ ಅರ್ಥವಾಗದು’ ಎಂಬ ಗ್ರಹಿಕೆಯ ಮೇಲೆ. ಅನಂತಪುರದ ಗಡಿಯಲ್ಲಿ ಆ ಗ್ರಹಿಕೆ ಸಲ್ಲದು. ಇಲ್ಲಿ ಮಗು ಶಾಲೆಗೆ ಬರುವ ಮುನ್ನವೇ ತೆಲುಗನ್ನು ಬಲ್ಲದು. ಹಾಗಿದ್ದರೆ ಅದಕ್ಕೆ ಕನ್ನಡ ಶಾಲೆ ಬೇಡವೇ? ಕನ್ನಡ ಶಾಲೆಯ ಅಗತ್ಯವನ್ನು ‘ಬೇರೆ ಭಾಷೆ ತಿಳಿಯದು’ ಎಂಬ ಆಧಾರದ ಮೇಲೆ ಸಮರ್ಥಿಸಿದರೆ, ತಿಳಿಯುವ ಮಗುವಿಗೆ ಆ ಸಮರ್ಥನೆ ಕುಸಿಯುತ್ತದೆ. ಚಿತ್ರ ಕೊಡುವ ವಾದ ಕಾಸರಗೋಡಿನಲ್ಲಿ ಗೆಲ್ಲಬಹುದು, ಕಲ್ಯಾಣದುರ್ಗದಲ್ಲಿ ಸೋಲುತ್ತದೆ. ತಾಯ್ನುಡಿಯ ಶಿಕ್ಷಣಕ್ಕೆ ಅಸಹಾಯಕತೆಗಿಂತ ಭದ್ರವಾದ ಕಾರಣ ಬೇಕು. ಎರಡು ಭಾಷೆ ಬಲ್ಲ ಮಗುವಿಗೆ ಎರಡರಲ್ಲಿಯೂ ಅಕ್ಷರಸ್ಥನಾಗುವ ಹಕ್ಕಿದೆ, ಮನೆಯ ಮಾತು ಬರಹವಿಲ್ಲದ ಮಾತಾಗಿ ಉಳಿಯಬಾರದು ಎಂಬುದು ಆ ಕಾರಣ.

4

ಚಿತ್ರಕ್ಕೆ ಪ್ರಶಸ್ತಿ ಬಂದ ಬಗೆಯನ್ನು ಈಗ ನೋಡೋಣ. 66ನೆಯ ರಾಷ್ಟ್ರೀಯ ಪ್ರಶಸ್ತಿಗಳು ಪ್ರಕಟವಾದದ್ದು 2019ರ ಆಗಸ್ಟ್ 9ರಂದು, ಉಪರಾಷ್ಟ್ರಪತಿ ಎಂ. ವೆಂಕಯ್ಯ ನಾಯ್ಡು ಅವರು ಅವುಗಳನ್ನು ಪ್ರದಾನ ಮಾಡಿದ್ದು ಡಿಸೆಂಬರ್ 23ರಂದು. ಆ ಸಾಲಿನಲ್ಲಿ ಅತ್ಯುತ್ತಮ ಕನ್ನಡ ಚಿತ್ರ ‘ನಾತಿಚರಾಮಿ’, ಅತ್ಯುತ್ತಮ ತೆಲುಗು ಚಿತ್ರ ‘ಮಹಾನಟಿ’. ರಾಷ್ಟ್ರೀಯ ಭಾವೈಕ್ಯದ ಕುರಿತ ನರ್ಗಿಸ್ ದತ್ ಪ್ರಶಸ್ತಿ ಸಂದದ್ದು ಕನ್ನಡದ್ದೇ ಆದ ‘ಒಂದಲ್ಲಾ ಎರಡಲ್ಲಾ’ಕ್ಕೆ. ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ’ ಅತ್ಯುತ್ತಮ ಮಕ್ಕಳ ಚಿತ್ರವೆಂದು ಸ್ವರ್ಣಕಮಲ ಪಡೆಯಿತು.

ಭಾಷಾವಾರು ಪ್ರಶಸ್ತಿಗೆ ರಜತಕಮಲ, ಮಕ್ಕಳ ಚಿತ್ರಕ್ಕೆ ಸ್ವರ್ಣಕಮಲ ಆದ್ದರಿಂದ ಇದನ್ನು ಅವಗಣನೆ ಎನ್ನಲಾಗದು. ಆದರೂ ವರ್ಗೀಕರಣವೆಂಬುದು ಒಂದು ವ್ಯಾಖ್ಯಾನ. ‘ಒಂದಲ್ಲಾ ಎರಡಲ್ಲಾ’ದ ಕೇಂದ್ರದಲ್ಲಿಯೂ ಮಗುವೇ ಇದೆ, ಹಸುವನ್ನು ಹುಡುಕಿಹೊರಟ ಮುಸ್ಲಿಂ ಬಾಲಕ ಆ ಚಿತ್ರದ ನಾಯಕ. ಮಕ್ಕಳೇ ನಾಯಕರಾದ ಎರಡು ಕನ್ನಡ ಚಿತ್ರಗಳಲ್ಲಿ ಮತಧರ್ಮಗಳ ನಡುವಿನ ಸಂಬಂಧವನ್ನು ಕುರಿತದ್ದು ‘ರಾಷ್ಟ್ರೀಯ ಭಾವೈಕ್ಯ’ವೆನಿಸಿತು, ಭಾಷೆಗಳ ನಡುವಿನ ಸಂಬಂಧವನ್ನು ಕುರಿತದ್ದು ‘ಮಕ್ಕಳ ಚಿತ್ರ’ವೆನಿಸಿತು. ತೀರ್ಪುಗಾರರ ಉದ್ದೇಶವನ್ನು ಊಹಿಸುವ ಅಗತ್ಯವಿಲ್ಲ. ಭಾಷಾ ಅಲ್ಪಸಂಖ್ಯಾತರ ಪ್ರಶ್ನೆಯನ್ನು ರಾಷ್ಟ್ರದ ಐಕ್ಯದ ಪ್ರಶ್ನೆಯೆಂದು ನೋಡುವ ಅಭ್ಯಾಸ ನಮ್ಮ ಸಾರ್ವಜನಿಕ ವಿವೇಚನೆಯಲ್ಲಿಯೇ ದುರ್ಬಲವಾಗಿದೆ. ಅದನ್ನು ಶಾಲೆಯ ಪ್ರಶ್ನೆಯಾಗಿ, ಮಕ್ಕಳ ಪ್ರಶ್ನೆಯಾಗಿ, ಕೊನೆಗೆ ಮುದ್ದಾದ ಪ್ರಶ್ನೆಯಾಗಿ ಕಾಣುವುದು ಸುಲಭ.

ಆದರೆ ಪ್ರಶಸ್ತಿ ವ್ಯವಸ್ಥೆಯ ಒಂದು ಗುಣವನ್ನೂ ಹೇಳಬೇಕು. ಆಂಧ್ರದ ನಂದಿ ಪ್ರಶಸ್ತಿ ತೆಲುಗು ಚಿತ್ರಗಳಿಗೆ ಮೀಸಲು. ಕಲ್ಯಾಣದುರ್ಗದಲ್ಲಿ ಕನ್ನಡ ಚಿತ್ರವೊಂದು ಹುಟ್ಟಿದರೆ ಅದಕ್ಕೆ ಅದರ ರಾಜ್ಯದಲ್ಲಿ ವಿಳಾಸವಿಲ್ಲ. ರಾಷ್ಟ್ರೀಯ ಪ್ರಶಸ್ತಿಯ ಭಾಷಾವಿಭಾಗ ಕೇಳುವುದು ‘ಯಾವ ಭಾಷೆ’ ಎಂದೇ ಹೊರತು ‘ಯಾವ ರಾಜ್ಯ’ ಎಂದಲ್ಲ. ಸಂವಿಧಾನದ ಎಂಟನೆಯ ಅನುಸೂಚಿಯ ಹೊರಗಿನ ಭಾಷೆಗಳಿಗೂ ಅಲ್ಲಿ ಸ್ಥಾನವಿದೆ. ತುಳುವಿನ ‘ಬಂಗಾರ್ ಪಟ್ಲೇರ್’, ‘ಮದಿಪು’, ‘ಪಿಂಗಾರ’ಗಳು ಹೀಗೆ ಗೌರವ ಪಡೆದವು. 2011ರ ಸಾಲಿನಲ್ಲಿ ‘ಬ್ಯಾರಿ’ ಚಿತ್ರ ಮರಾಠಿಯ ‘ದೇವೂಳ್’ ಜೊತೆಗೆ ಇಡೀ ದೇಶದ ಅತ್ಯುತ್ತಮ ಚಿತ್ರವೆನಿಸಿತು. 71ನೆಯ ಸಾಲಿನಲ್ಲಿ ಗಾರೋ ಮತ್ತು ತಾಯ್ ಫಾಕೆ ಭಾಷೆಗಳ ಚಿತ್ರಗಳೂ ಪಟ್ಟಿಯಲ್ಲಿದ್ದವು. ರಾಜ್ಯವಿಲ್ಲದ ಭಾಷೆಗೆ ಇಲ್ಲಿ ಜಾಗವಿದೆ. ರಾಜ್ಯವಿರುವ ಭಾಷೆಯ, ರಾಜ್ಯದ ಹೊರಗುಳಿದ ಜನಕ್ಕೆ ಮಾತ್ರ ಜಾಗ ಸಿಕ್ಕುವುದು ಕಷ್ಟ. ಅವರ ಭಾಷೆಯ ಕುರ್ಚಿ ಈಗಾಗಲೇ ಭರ್ತಿಯಾಗಿರುತ್ತದೆ.

5

ಗಡಿಗಳೆಲ್ಲ ಒಂದೇ ಬಗೆಯವಲ್ಲ ಎಂಬುದನ್ನು ಮರೆತಾಗಲೇ ಒಂದು ಚಿತ್ರವನ್ನು ‘ಗಡಿನಾಡ ಕನ್ನಡಿಗರ ಕಥೆ’ ಎಂದು ಸಾರಾಸಗಟಾಗಿ ಕರೆಯಲು ಸಾಧ್ಯ. ಕಾಸರಗೋಡಿಗೆ ಒಂದು ಚಳವಳಿಯ ಸ್ಮೃತಿಯಿದೆ. 1956ರಲ್ಲಿ ಅದು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು. ಕಯ್ಯಾರ ಕಿಞ್ಞಣ್ಣ ರೈ ಅವರಂತಹ ಕವಿ ಆ ಹೋರಾಟದ ದನಿಯಾದರು. ಆಂಧ್ರದ ಗಡಿ ಆ ಆಯೋಗದ ವ್ಯಾಪ್ತಿಯಲ್ಲಿರಲಿಲ್ಲ. ಮಡಕಶಿರಾ, ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡಿಗರಿಗೆ ಶತ್ರುವೂ ಇಲ್ಲ, ವ್ಯಾಜ್ಯವೂ ಇಲ್ಲ. ಹೇಮಾವತಿಯ ನೊಳಂಬರ ಶಾಸನಗಳೂ ಲೇಪಾಕ್ಷಿಯ ಶಾಸನಗಳೂ ಕನ್ನಡದಲ್ಲಿ ಮಾತಾಡುತ್ತವೆ. ಅವುಗಳನ್ನು ನೋಡಲು ಬರುವವರು ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ವಿವರ ಕೇಳುತ್ತಾರೆ. ಯಾರೂ ಯಾರನ್ನೂ ಹೊರದೂಡಿಲ್ಲ. ಜಗಳವಿಲ್ಲದ ಕಡೆ ಕಥೆಯಿಲ್ಲ ಎಂದು ನಂಬುವ ಚಿತ್ರಮಾಧ್ಯಮಕ್ಕೆ ಈ ಗಡಿ ಕಾಣಿಸದಿರುವುದು ಆಶ್ಚರ್ಯವಲ್ಲ.

ಆದರೆ ಜಗಳವಿಲ್ಲವೆಂದರೆ ನಷ್ಟವಿಲ್ಲವೆಂದಲ್ಲ. ಇದಕ್ಕೆ 2019ರ ವರ್ಷವೇ ನಿದರ್ಶನ. ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ’ಗೆ ಪ್ರಶಸ್ತಿ ಪ್ರಕಟವಾದ ಆಗಸ್ಟ್‌ಗೂ ಅದು ಪ್ರದಾನವಾದ ಡಿಸೆಂಬರ್‌ಗೂ ನಡುವೆ, ನವೆಂಬರ್ ತಿಂಗಳಿನಲ್ಲಿ, ಆಂಧ್ರಪ್ರದೇಶ ಸರ್ಕಾರ ತನ್ನ ಶಾಲೆಗಳ ಕೆಳಗಿನ ತರಗತಿಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸುವ ಆದೇಶ ಹೊರಡಿಸಿತು. ತೆಲುಗು ಅಥವಾ ಉರ್ದುವನ್ನು ಒಂದು ವಿಷಯವಾಗಿ ಉಳಿಸಿಕೊಳ್ಳುವ ಮಾತು ಅದರಲ್ಲಿತ್ತು. 2020ರ ಏಪ್ರಿಲ್ 15ರಂದು ರಾಜ್ಯದ ಉಚ್ಚ ನ್ಯಾಯಾಲಯ ಆ ಆದೇಶಗಳನ್ನು ರದ್ದುಪಡಿಸಿತು. ಸರ್ಕಾರ ಸರ್ವೋಚ್ಚ ನ್ಯಾಯಾಲಯದ ಮೊರೆಹೋಯಿತು. ಚಿತ್ರದ ಕೊನೆಯಲ್ಲಿ ಕಾಣುವ ನ್ಯಾಯಾಲಯದ ಗೆಲುವು ಇಲ್ಲಿ ನಿಜವಾಗಿಯೇ ಒದಗಿತು. ಆದರೆ ಅದು ಚಿತ್ರದಲ್ಲಿದ್ದಂತೆ ಇರಲಿಲ್ಲ. ತರಗತಿಗೆ ಬೀಗ ಜಡಿಯುವ ಪರಭಾಷೆಯ ಅಧಿಕಾರಿ ಇಲ್ಲಿರಲಿಲ್ಲ. ಇಂಗ್ಲಿಷನ್ನು ಬೇಡುತ್ತಿದ್ದವರಲ್ಲಿ ಕನ್ನಡ ಮನೆಗಳ ತಂದೆತಾಯಂದಿರೂ ಇದ್ದರು. ವಾದವಿವಾದ ನಡೆದದ್ದು ಮುಖ್ಯವಾಗಿ ತೆಲುಗು ಮತ್ತು ಇಂಗ್ಲಿಷ್‌ಗಳ ಹೆಸರಿನಲ್ಲಿ; ಕನ್ನಡ ಮಾಧ್ಯಮ ಆ ವಾಗ್ವಾದದ ಅಂಚಿನಲ್ಲಿಯೇ ಉಳಿಯಿತು.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. 1956ರಲ್ಲಿ, ರಾಜ್ಯಗಳ ಪುನರ್ವಿಂಗಡಣೆಯ ಜೊತೆಯಲ್ಲಿಯೇ, ಸೇರಿದ ವಿಧಿಯದು. ಸೌಲಭ್ಯವೆಂದರೆ ಕಟ್ಟಡವಷ್ಟೇ ಅಲ್ಲ. ಸಕಾಲಕ್ಕೆ ಪಠ್ಯಪುಸ್ತಕ, ನಿವೃತ್ತರಾದವರ ಜಾಗಕ್ಕೆ ಕನ್ನಡ ಬಲ್ಲ ಅಧ್ಯಾಪಕ, ಹತ್ತನೆಯ ತರಗತಿಯ ನಂತರವೂ ಮುಂದುವರಿಯುವ ದಾರಿ, ಇವು ಸೌಲಭ್ಯಗಳು. ಇವುಗಳಲ್ಲಿ ಒಂದೊಂದೇ ಸಡಿಲಗೊಂಡಾಗ ಶಾಲೆಯನ್ನು ಯಾರೂ ಮುಚ್ಚಬೇಕಾಗಿಲ್ಲ. ಅದು ತಾನೇ ಖಾಲಿಯಾಗುತ್ತದೆ. ಆ ದಿನದ ಸಂಜೆ ಯಾವ ಮೆರವಣಿಗೆಯೂ ನಡೆಯುವುದಿಲ್ಲ.

ಈ ಖಾಲಿಯಾಗುವಿಕೆಯನ್ನು ತೋರಿಸಬಲ್ಲ ಚಿತ್ರಭಾಷೆ ಕನ್ನಡದಲ್ಲಿಲ್ಲವೆಂದಲ್ಲ. ಗಿರೀಶ ಕಾಸರವಳ್ಳಿ ಅವರ ಸ್ವರ್ಣಕಮಲ ವಿಜೇತ ‘ತಬರನ ಕಥೆ’ (1986) ಪಿಂಚಣಿಗಾಗಿ ಅಲೆಯುವ ಮುದುಕನೊಬ್ಬನ ಕಥೆ. ಅಲ್ಲಿ ಒಬ್ಬ ಖಳನಿಲ್ಲ. ಕಡತವಿದೆ, ಮೇಜಿದೆ, ಕಾಯುವಿಕೆಯಿದೆ. ಸಂವಿಧಾನದ ಮಾತು ಕಚೇರಿಯ ಮೆಟ್ಟಿಲಲ್ಲಿ ಹೇಗೆ ಸವೆಯುತ್ತದೆ ಎಂಬುದನ್ನು ಅದು ತಣ್ಣಗೆ ತೋರಿಸುತ್ತದೆ. 2015ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರ ‘ತಿಥಿ’ ಮಂಡ್ಯ ಸೀಮೆಯ ಊರಿನ ಜನರನ್ನೇ ನಟರಾಗಿಸಿ, ಅವರ ಆಡುಮಾತನ್ನು ತಿದ್ದದೆ ತೆರೆಗೆ ತಂದಿತು. ಒಂದು ಸೀಮೆಯ ನುಡಿಗೆ ವಿವರಣೆಯ ಹಂಗಿಲ್ಲದೆ ತೆರೆಯನ್ನು ತುಂಬುವ ಶಕ್ತಿಯಿದೆ ಎಂಬುದನ್ನು ಅದು ಸಾಧಿಸಿ ತೋರಿತು. ‘ತಬರನ ಕಥೆ’ಯ ತಾಳ್ಮೆ, ‘ತಿಥಿ’ಯ ಕಿವಿ, ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ’ಯ ಪ್ರೀತಿ ಒಂದೆಡೆ ಸೇರಿದರೆ ಈ ಗಡಿಯ ಚಿತ್ರವೂ ಹುಟ್ಟಬಲ್ಲದು. ಅದರಲ್ಲಿ ಮಕ್ಕಳು ತೆಲುಗಿನಲ್ಲಿ ಜಗಳವಾಡಿ ಕನ್ನಡದಲ್ಲಿ ಅಳಬಹುದು.

6

ಪ್ರಶಸ್ತಿಯನ್ನು ಅಲ್ಲಗಳೆಯುವುದು ಈ ಲೇಖನದ ಇಂಗಿತವಲ್ಲ. ಕಾಸರಗೋಡಿನ ಶಾಲೆಯೊಂದರ ಹೆಸರನ್ನು ದೆಹಲಿಯ ವಿಜ್ಞಾನ ಭವನದ ವೇದಿಕೆಯಲ್ಲಿ ಉಚ್ಚರಿಸಿದ್ದು, ಅದೂ ಊರಿನ ದಾನಿಯ ಹೆಸರಿನೊಂದಿಗೆ, ಸಣ್ಣ ಸಂಗತಿಯಲ್ಲ. ಆದರೆ ಒಂದು ಗಡಿಯ ಕಥೆ ಎಲ್ಲ ಗಡಿಗಳ ಕಥೆಯೆಂದು ನಾವು ತೃಪ್ತರಾದರೆ ಆ ಗೌರವವೇ ಮಿಕ್ಕವರ ಮೌನಕ್ಕೆ ಕಾರಣವಾದೀತು. ಕಲ್ಯಾಣದುರ್ಗದ ಆ ಹುಡುಗಿಯ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರ ಸಮರ್ಪಕವಾಗಿರಲಿಲ್ಲ. ತೆಲುಗಿನಲ್ಲಿ ಲೆಕ್ಕ ತಿಳಿಯುವ ಅವಳು ಕನ್ನಡದಲ್ಲಿಯೂ ಏಕೆ ಕಲಿಯಬೇಕು ಎಂಬುದನ್ನು ಅವಳಿಗೆ ಒಪ್ಪುವಂತೆ ಹೇಳುವ ಹೊಣೆ ಚಿತ್ರ ಮಾಡುವವರ ಮೇಲಿರುವಷ್ಟೇ ಅಲ್ಪಸಂಖ್ಯಾತ ಭಾಷೆಗಳನ್ನು ಅಧ್ಯಯನ ಮಾಡುವ ನಮ್ಮ ಮೇಲೆಯೂ ಇದೆ. ಆ ಉತ್ತರ ದೊರೆಯುವವರೆಗೆ ‘ಕನ್ನಡಕ್ಕೆ ಎಷ್ಟು?’ ಎಂಬ ಪ್ರಶ್ನೆಯ ಜೊತೆಗೆ ‘ಯಾವ ಊರಿನ ಕನ್ನಡಕ್ಕೆ?’ ಎಂಬುದನ್ನೂ ಪ್ರತಿವರ್ಷ ಕೇಳುತ್ತಿರಬೇಕು.